ಕಲ್ಲು ನೆಕ್ಕುತ್ತಿದ್ದ ಅಕ್ಕೋರು

ನಮ್ಮ ಶಾಲೆಯ ವಿಜ್ಞಾನದ ಅಕ್ಕೋರ ನಾಲಗೆಯ ತುದಿಗೆ ಆಗಾಗ ಬಿಳಿ ಪುಡಿ ಅಂಟಿರುತ್ತಿತ್ತು. ದಾರಿಯಲ್ಲಿ ಹೊಸ ಸುಣ್ಣದ ಕಲ್ಲು ಕಂಡರೆ ಸೆರಗಿನಿಂದ ಒರೆಸಿ ಒಮ್ಮೆ ನೆಕ್ಕಿಬಿಡುವರು. ಒದ್ದೆಯಾದರೆ ಕಲ್ಲಿನ ಪದರಗಳು ಎದ್ದು ಕಾಣುತ್ತವಂತೆ. "ಬಾಟಲಿಯೊಳಗ ನೀರೈತಲ್ರಿ" ಎಂದು ನಾನು ಕೇಳಿದ್ದಕ್ಕೆ, "ಅದು ಕುಡ್ಯಾಕ ಬೇಕ್ರಿ ಸರ" ಎಂದಿದ್ದರು. ಮುಧೋಳದ ಬಿಸಿಲು ಕಂಡವರು ಇದಕ್ಕೆ ಎದುರು ಮಾತಾಡುವುದಿಲ್ಲ.

ನಾನು ಅದೇ ಶಾಲೆಯ ಕನ್ನಡ ಮಾಸ್ತರ. ಮಾತಿನಲ್ಲಿ ಸೋತು ಅಭ್ಯಾಸವಿಲ್ಲದವನು. ಅಕ್ಕೋರು ಬನಹಟ್ಟಿಯ ನೇಕಾರರ ಮನೆಯ ಮಗಳು. ನಮ್ಮಿಬ್ಬರ ತರಗತಿಗಳ ನಡುವೆ ಒಂದೇ ಗೋಡೆ, ಅವರ ದನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಭೂಮಿಯ ಮೇಲೆ ಮೊದಲ ಜೀವ ಹೇಗೆ ಹುಟ್ಟಿತೆಂದು ಒಬ್ಬ ಹುಡುಗಿ ಕೇಳಿದ ದಿನ ನಾನು ಪದ್ಯ ಬಿಟ್ಟು ಅದನ್ನೇ ಆಲಿಸಿದೆ.

"ಇನ್ನೂ ಖಚಿತ ಗೊತ್ತಿಲ್ಲವ್ವಾ. ಸಮುದ್ರದ ತಳದಾಗ ಬಿಸಿನೀರಿನ ಬುಗ್ಗಿ ಇರತಾವ, ಅಲ್ಲಿ ಹುಟ್ಟಿತು ಅಂತಾರ ಕೆಲವರು. ಒಣಗಿ ಒಣಗಿ ಮತ್ತ ತೊಯ್ಯೂ ಹೊಂಡದಾಗ ಅಂತಾರ ಕೆಲವರು. ನನಗ ಹೊಂಡದ ಮಾತು ಖರೆ ಅನಸ್ತೈತಿ. ಆದ್ರ ನನಗ ಅನಸೂದು ಉತ್ತರ ಅಲ್ಲ."

ಚಹಾದ ಹೊತ್ತಿಗೆ ನಾನು ಕೆಣಕಿದೆ. "ಮಕ್ಕಳ ಮುಂದ ಗೊತ್ತಿಲ್ಲ ಅಂದ್ರ ಮರ್ಯಾದಿ ಏನ ಉಳೀತ್ರಿ?"

"ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದ್ರ ಉಳೀತೈತೇನ್ರಿ ಸರ?"

ನಾನು ಚಹಾ ಕುಡಿದೆ.

ಊರಾಚೆ, ಕಬ್ಬಿನ ಟ್ರ್ಯಾಕ್ಟರ್ ಹೋಗುವ ದಾರಿಯ ಪಕ್ಕದಲ್ಲಿ ನೆಲದಿಂದ ಎದ್ದ ಒಂದು ಹಾಸುಗಲ್ಲಿದೆ. ಅದರ ತುಂಬ ಈರುಳ್ಳಿ ಕೊಯ್ದಂತೆ ಸುತ್ತುಸುತ್ತು ಗೆರೆ. ಬಹು ಹಿಂದೆ ಇಲ್ಲಿ ಸಮುದ್ರವಿದ್ದಾಗ ಕಣ್ಣಿಗೆ ಕಾಣದ ಜೀವಗಳು ಪದರದ ಮೇಲೆ ಪದರ ಕಟ್ಟಿದ ಗುರುತು ಅದು. ಅಕ್ಕೋರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಇವರು ನಮ್ಮೆಲ್ಲರಿಗಿಂತ ಹಿರಿಯರು ಎಂದರು. ಮಕ್ಕಳು ಮನೆಗೆ ಹೋಗಿ ಏನು ಹೇಳಿದರೋ, ಮುಂದಿನ ವಾರ ನೋಡಿದರೆ ಕಲ್ಲಿನ ಮೇಲೆಲ್ಲ ಬೀರೇಶ್ವರನ ಭಂಡಾರ! ಗೆರೆಗಳು ಅರಿಷಿಣದಡಿ ಮುಚ್ಚಿಹೋಗಿದ್ದವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕೋರು ನಗಲಿಲ್ಲ.

ಆಮೇಲೆ ದಾರಿ ಅಗಲ ಮಾಡಲು ಜೆಸಿಬಿ ಬಂತು. ಕಲ್ಲು ಒಡೆಯಬೇಕು ಎಂದ ಗುತ್ತಿಗೆದಾರ. ಅಕ್ಕೋರು ಕಚೇರಿಯಿಂದ ಕಚೇರಿಗೆ ಅಲೆದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟ ಸೇರದೆ ಸೊರಗಿದರು. ಕೊನೆಗೆ ಕುರಿ ಕಾಯುವ ಮನೆತನದ ಹಿರಿಯ ಮುತ್ಯಾ ಹತ್ತು ಜನರೊಂದಿಗೆ ಬಂದು ಕಲ್ಲಿನ ಮುಂದೆ ನಿಂತ. ಪಕ್ಕದ ಹೊಲ ಅವನದೇ.

"ಅಕ್ಕೋರ, ಹುಡುಗುರು ಇದನ್ನ ದೇವರು ಅಂತಾವ. ನೀವು ಕಲತವರು. ಖರೆ ಹೇಳ್ರಿ, ಇದು ದೇವರೇನು?"

ನಾನು ಅಕ್ಕೋರ ಹಿಂದೆಯೇ ಇದ್ದೆ. "ಒಂದ ಸಲ ಹೌದನ್ರಿ, ಕಲ್ಲು ಉಳೀತೈತಿ" ಎಂದು ಪಿಸುಗುಟ್ಟಿದೆ.

"ಅಲ್ರಿ ಮುತ್ಯಾ" ಎಂದರು ಅಕ್ಕೋರು.

ಗುತ್ತಿಗೆದಾರನ ಮುಖ ಅರಳಿತು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಅಲೆದದ್ದನ್ನು ಈ ಹೆಂಗಸು ಒಂದೇ ಮಾತಿನಲ್ಲಿ ನೀರಿಗೆ ಹಾಕಿದರಲ್ಲ!

ಅವರು ಕಲ್ಲಿನ ಪಕ್ಕ ಕೂತು, ಭಂಡಾರ ತಾಗದ ಅಂಚಿನ ಮೇಲೆ ಬೆರಳಾಡಿಸಿದರು. "ಸಣ್ಣ ಸಣ್ಣ ಜೀವ ಕಟ್ಟಿದ ಮನಿರಿ ಇದು. ಆವಾಗ ಗಿಡ ಇಲ್ಲ, ಕುರಿ ಇಲ್ಲ, ನಾವಿಲ್ಲ. ಎಲ್ಲಕ್ಕೂ ಮೊದಲ ಹುಟ್ಟಿದ್ದು ಇವಲ್ಲ, ಇವು ಅದರ ಮಕ್ಕಳ ಮಕ್ಕಳು. ಆದ್ರ ನೀವೀಗ ಎಳಕೊಂಡ್ರಲ್ಲ ಉಸಿರು, ಅದನ್ನ ಈ ಲೋಕಕ್ಕ ತುಂಬಿಟ್ಟವರು ಇಂಥವರು. ನಿಮಗೂ ಕುರಿಗೂ ಆ ಬೇವಿನ ಗಿಡಕ್ಕೂ ಹಿರೇರ ಬಳಗ ಇದು."

ಮುತ್ಯಾ ಬಗ್ಗಿ ಆ ಅಂಚನ್ನು ತಾನೂ ಮುಟ್ಟಿ ನೋಡಿದ. ಆಮೇಲೆ ಗುತ್ತಿಗೆದಾರನ ಕಡೆ ತಿರುಗಿ, "ರಸ್ತಾ ಆ ಕಡಿ ಸರಸ್ರಿ. ನನ್ನ ಹೊಲದಾಗ ಹೋಗ್ಲಿ" ಎಂದ.

ಅಕ್ಕೋರು ಹೋದ ವರ್ಷ ತೀರಿಕೊಂಡರು. ಬನಹಟ್ಟಿಗೆ ಅವರ ಮಣ್ಣಿಗೆ ಹೋದವರಲ್ಲಿ ಮುತ್ಯಾನೂ ಇದ್ದ. ಬರುವಾಗ ಬಸ್ಸಿನಲ್ಲಿ, ಮನಸ್ಸಿನಲ್ಲೇ ಉಳಿದಿದ್ದ ಮಾತು ಕೇಳಿದೆ. "ಅವತ್ತ ಅಕ್ಕೋರು ದೇವರು ಅಂದುಬಿಟ್ಟಿದ್ರ ನಿನ್ನ ಹೊಲಾನೂ ಉಳೀತಿತ್ತಲ್ಲೋ ಮುತ್ಯಾ?"

"ಹೊಲ ಉಳೀತಿತ್ತರಿ ಮಾಸ್ತರ, ಕಲ್ಲು ಉಳೀತಿದ್ದಿಲ್ಲ. ದೇವರಾಗಿದ್ರ ಒಂದು ತುಂಡು ಎಬ್ಬಿಸಿ, ಊರಾಗ ಗುಡಿ ಕಟ್ಟಿ ಕೂಡಸ್ತಿದ್ವಿ, ಉಳಿದದ್ದನ್ನ ಜೆಸಿಬಿ ಒಡೀತಿತ್ತು. ಗುಡಿ ಖರ್ಚು ಕೊಡಾಕ ಗುತ್ತಿಗೆದಾರ ತಯಾರಾಗೇ ಬಂದಿದ್ದ. ಹಿರೇರನ್ನ ಹಂಗ ಎಬ್ಬಸಾಕ ಬರತೈತೇನ್ರಿ?"

ನನ್ನ ಜಾಣತನ ಆ ಕಲ್ಲನ್ನು ಪುಡಿ ಮಾಡಿಸುತ್ತಿತ್ತು. ಓಡಿ ಹೋಗಿ ಇದನ್ನು ಹೇಳಬೇಕೆನಿಸಿದ್ದು ಒಬ್ಬರಿಗೇ, ಅವರನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದೆವು.