ಅವ್ವ ಗಡಿಯಾರ ನೋಡ್ತಿದ್ಲು

ಇವತ್ತ ಬೆಳಗಾವಿ ದವಾಖಾನಿ ಬಾಗಲದಾಗ ಸ್ಪಿರಿಟ್ ವಾಸನಿ ಮೂಗಿಗೆ ಬಡೀತು. ಖರೇ ಹೇಳ್ತೀನಿ, ಅದು ನನಗ ಅವ್ವನ ಸೀರಿ ವಾಸನಿ.

ಅವ್ವ ಖಾನಾಪುರದಾಗ ನರ್ಸ್ ಇದ್ಲು. ಮಂದಿಗೆಲ್ಲ ನರ್ಸಬಾಯಿ. ಬಿಳಿ ಸೀರಿ ಸೆರಗಿಗೆ ಸಣ್ಣ ಗಡಿಯಾರ ಪಿನ್ನು ಹಾಕಿ ತೂಗಬಿಡ್ತಿದ್ಲು. ಡ್ಯೂಟಿಗೆ ಹೋಗೂಮುಂದ ಹೊಸ್ತಲದಾಗ ನಿಂತು ನನ್ನ ಕೈ ಹಿಡೀತಿದ್ಲು. ಆದ್ರ ನನ್ನ ಮಾರಿ ನೋಡ್ತಿರಲಿಲ್ಲ, ಆ ಗಡಿಯಾರ ನೋಡ್ತಿದ್ಲು. ನನಗ ಮೈಯೆಲ್ಲ ಉರೀತಿತ್ತು. ಒಂದಿನ ಕೈ ಕಸಗೊಂಡು ಚೀರಿದೆ.

"ಹೋಗ್ ನೀ! ನನ್ನ ಕೈ ಹಿಡದಾಗೂ ನಿನಗ ಡ್ಯೂಟೀದ ಚಿಂತಿ!"

ಅವ್ವ ಮತ್ತ ಕೈ ಹಿಡದು, ಗಡಿಯಾರ ನೋಡೇ ಹೋದ್ಲು. ಬಾಜು ಮನಿ ಮಾವಶಿ ನನ್ನ ಹತ್ರ ಕರದು ಹೇಳಿದ್ಲು.

"ಹುಚ್ಚಿ, ನೀ ಹುಟ್ಟಿದಾಗ ನಿನ್ನ ನಾಡಿ ಸಿಕ್ಕಿದ್ದಿಲ್ಲ. ಅವತ್ತಿನಿಂದ ದಿನಾ ಎಣಸ್ತಾಳ. ಎಣಿಸದ ಹೊರಗ ಕಾಲ ಇಡಂಗಿಲ್ಲ."

ಅವ್ವಗ ಈಗ ಎಂಬತ್ತೆರಡು. ಆಕಿ ನಾಡೀನೇ ತೀರಾ ಸಾವಕಾಶ ಆಗಿತ್ತಂತ ಇವತ್ತ ಎದಿಗೆ ಪೇಸ್‌ಮೇಕರ್ ಕುಂದ್ರಸಿದ್ರು. ಎರಡ ತಾಸು ಹೊರಗ ಕುಂತು ನನ್ನ ಜೀವ ಬಾಯಿಗೆ ಬಂದಿತ್ತು. ಆಮ್ಯಾಲ ಒಳಗ ಕರದ್ರು.

ಹೋಗಿ ಕೈ ಮುಟ್ಟಿದೆ. ಖಾನಾಪುರದ ಅರ್ಧ ಮಂದಿ ನಾಡಿ ಹಿಡದ ಆ ಬೆರಳು ಮೆಲ್ಲಕ ನನ್ನ ಮಣಿಕಟ್ಟಿಗೆ ಸರದು ನಿಂತ್ವು. ಅವ್ವ ಕಣ್ಣ ತಗದು ಗ್ವಾಡಿ ಮ್ಯಾಲಿನ ಗಡಿಯಾರ ನೋಡಿದ್ಲು.

"ಯಾಕ ಇಷ್ಟ ಜೋರ ಓಡಾಕತ್ತೈತಿ ನಿಂದು? ಕುಂದ್ರ, ನೀರ ಕುಡಿ."

ಕುಂತೆ. ಈ ಸಲ ಕೈ ಕಸಗೊಳ್ಳಲಿಲ್ಲ.