ಕ್ಯಾಮೆರಾದ ಕಣ್ಣಿಗಿಟ್ಟ ಕುಂಕುಮ

ನನ್ನ ಚಿಕ್ಕಪ್ಪ ಎರಡನೇ ಸಲ ಆಫ್ರಿಕಾಕ್ಕೆ ಹೋಗಲಿಲ್ಲ. ಹೋಗಬೇಕಾಗಿತ್ತು. ಹಡಗು ಯಾವ ಯಾವ ರೇವಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ರೈಲು ಎಲ್ಲಿಯವರೆಗೆ, ಟೆಂಟಿನೊಳಗೆ ಫಿಲ್ಮ್ ತೊಳೆಯಲು ನೀರು ಯಾವ ನದಿಯದು, ಎಲ್ಲವೂ ನಿಶ್ಚಯವಾಗಿತ್ತು. ಅವರು ಹೋಗದೆ ಉಳಿದದ್ದು ನನ್ನ ಒಂದು ಬೆರಳಿನಿಂದ. ಕಾನ್ವೆಂಟಿನ ಸಿಸ್ಟರುಗಳು ಕನ್ಫೆಷನ್ ಅಂದರೆ ಏನೆಂದು ಕಲಿಸಿದ್ದರು. ಆದರೆ ನಾನು ಹಿಂದೂಗಳ ಮಗಳು, ಪಾದ್ರಿಗೆ ತಪ್ಪೊಪ್ಪಿಕೊಳ್ಳುವ ಆ ಮರದ ಜಾಲರಿಯ ಹಿಂದೆ ಹೋಗಿ ಮಂಡಿಯೂರುವ ಹಾಗಿರಲಿಲ್ಲ. ಹೀಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಎರಡನೇ ದಸರಾ ಅದು. ನನಗೆ ಹನ್ನೆರಡು ವರ್ಷ. ಅಪ್ಪ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿದ್ದರು. ಮಗಳಿಗೆ ಇಂಗ್ಲಿಷ್ ಬರಲೇಬೇಕೆಂದು ಹಟ ಹಿಡಿದು ನನ್ನನ್ನು ಬೆಂಗಳೂರಿನ ಬೋರ್ಡಿಂಗಿಗೆ ಹಾಕಿದ್ದರು. ರಜೆ ಬಂದರೆ ನಾನು ಸಾಸಲು ಕಡೆಯ ನಮ್ಮ ಹಳ್ಳಿಗೆ, ಅಜ್ಜಿಯ ಮನೆಗೆ ಓಡುತ್ತಿದ್ದೆ. ಚಿಕ್ಕಪ್ಪ ಇದ್ದದ್ದು ಅಲ್ಲೇ. ಸೈನ್ಯದಲ್ಲಿ ಅವರದು ಬಂದೂಕಿನ ಕೆಲಸವಲ್ಲ, ಫೋಟೋ ತೊಳೆಯುವ ಕೆಲಸ. ಪೂರ್ವ ಆಫ್ರಿಕಾದಲ್ಲಿ ಮೂರು ವರ್ಷ ಕತ್ತಲೆ ಡೇರೆಯೊಳಗೆ ಬೇರೆಯವರು ತೆಗೆದ ಚಿತ್ರಗಳನ್ನು ತೊಳೆದು ಒಣಗಿಸಿದ್ದರು. ಒಂದು ಬೆಳಿಗ್ಗೆ ಲಾರಿಯ ಹಿಂದೆ ಕೂತು ಬರುವಾಗ ಮಂಜಿನೊಳಗಿಂದ ಹದಿನೇಳು ಜಿರಾಫೆಗಳು ರಸ್ತೆ ದಾಟಿದವಂತೆ.

"ಶಬ್ದಾನೇ ಇಲ್ಲ ಕಣಮ್ಮ. ಅಷ್ಟು ದೊಡ್ಡ ಪ್ರಾಣಿ, ಒಂದು ಕಡ್ಡಿ ಮುರಿದ ಸದ್ದಿಲ್ಲ. ಡ್ರೈವರ್ ಇಂಜಿನ್ ಆಫ್ ಮಾಡ್ಬಿಟ್ಟ. ನಾವು ಇಪ್ಪತ್ತು ಜನ ಸೋಲ್ಜರ್ಸು, ಒಬ್ರೂ ಕೆಮ್ಮಲಿಲ್ಲ."

ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಕೊನೆಗೆ ಅವರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಅವತ್ತು ಆ ಕೈಗಳಲ್ಲಿ ಕ್ಯಾಮೆರಾ ಇರಲಿಲ್ಲ.

ಅವರ ಮೇಲಿದ್ದ ಸಾಹೇಬರೊಬ್ಬರು ಯುದ್ಧದ ನಂತರ ಆಫ್ರಿಕಾ ಖಂಡದ ದಕ್ಷಿಣದ ಕಡೆಗೆ, ರೊಡೇಷಿಯಾಕ್ಕೆ ಹೋಗಿ ನೆಲೆಸಿದ್ದರು. ಆ ವರ್ಷ ಆಷಾಢದಲ್ಲಿ ಅವರ ಕಾಗದ ಬಂತು. ಬರುವ ಒಣ ತಿಂಗಳುಗಳಲ್ಲಿ ದೊಡ್ಡ ನದಿಯೊಂದರ ದಡ ಹಿಡಿದು ಮೂರು ತಿಂಗಳು ಹೋಗುವುದು, ಬಂದೂಕಿಲ್ಲದೆ, ಕ್ಯಾಮೆರಾ ಮಾತ್ರ. ಡೇರೆಯಲ್ಲೇ ಫಿಲ್ಮ್ ತೊಳೆಯುವ, ತಾನೂ ಚಿತ್ರ ತೆಗೆಯಬಲ್ಲ ಒಬ್ಬ ಅಸಿಸ್ಟೆಂಟ್ ಬೇಕು. ಫಿಲ್ಮ್ ತೊಳೆಯುವ ನಿನ್ನ ಕೈ ನನಗೆ ಗೊತ್ತು; ಕಣ್ಣು ಹೇಗೋ ಗೊತ್ತಿಲ್ಲ. ಕಾಡುಪ್ರಾಣಿಯೊಂದನ್ನು ನೀನೇ ಹತ್ತಿರದಿಂದ ತೆಗೆದ ಚಿತ್ರವನ್ನು ಕ್ರಿಸ್‌ಮಸ್‌ನೊಳಗೆ ನನಗೆ ತಲುಪಿಸು. ಒಪ್ಪಿಗೆಯಾದರೆ ಪರವಾನಗಿ, ಹಡಗು, ಎಲ್ಲ ನನ್ನ ಜವಾಬ್ದಾರಿ.

ದಸರಾ ರಜೆಗೆ ನಾನು ಬರುವಷ್ಟರಲ್ಲಿ ಚಿಕ್ಕಪ್ಪ ನನ್ನ ಸ್ಕೂಲ್ ಅಟ್ಲಾಸಿಗಾಗಿ ಕಾಯುತ್ತಿದ್ದರು. ನಡುಮನೆಯಲ್ಲಿ ಅದನ್ನು ಬಿಚ್ಚಿ ಹುಣಸೆಬೀಜ ಇಡುತ್ತಾ ಹೋದೆವು. ಬೊಂಬಾಯಿಗೊಂದು, ಮೊಂಬಾಸಾಕ್ಕೊಂದು, ಬೈರಾ ಎಂಬ ರೇವಿಗೊಂದು. ಅಲ್ಲಿಂದ ರೈಲು. ಆಮೇಲೆ ಅಟ್ಲಾಸಿನಲ್ಲಿ ಹೆಸರೇ ಇಲ್ಲದ ಹಳದಿ ಜಾಗ. ಆ ಹಳದಿಯ ಮೇಲೆ ಬೀಜ ಇಡಲು ನನಗೆ ಕೈ ಬರಲಿಲ್ಲ. ಅಷ್ಟು ಜಾಗ, ಒಂದು ಊರಿಲ್ಲ, ಅಮಲ್ದಾರರಿಲ್ಲ, ಬರೀ ಆನೆಗಳು.

"ನಮಗೆ ಮಳೆ ಹಿಡಿಯೋ ಹೊತ್ತಿಗೆ ಅವರಿಗೆ ಒಣಗಾಲ. ಹೊಂಡ ಎಲ್ಲಾ ಬತ್ತೋಗುತ್ತೆ. ಆಗ ಎಲ್ಲಾ ನದೀಗೇ ಬರಬೇಕು. ಸಿಂಹ ಬರಬೇಕು, ಜಿಂಕೆ ಬರಬೇಕು, ಒಂದೇ ದಡ."

ಅಜ್ಜಿ ಕಂಬಕ್ಕೆ ಒರಗಿ ಅವರೆಕಾಳು ಹಿಸುಕುತ್ತಿದ್ದಳು. "ಅಲ್ಲಾ ಕಣ್ಲಾ, ಆನೆ ನೋಡಕ್ಕೆ ಸಮುದ್ರ ಯಾಕ್ಲಾ ದಾಟಬೇಕು? ಮೈಸೂರಾಗೆ ಐತಲ್ಲಾ, ಮೈಗೆಲ್ಲಾ ಚಿತ್ರ ಬರೆಸ್ಕಂಡು."

"ಅದು ಮಹಾರಾಜರ ಆನೆ ಕಣವ್ವ. ಯಾರ್ದೂ ಅಲ್ದಿರೋ ಆನೆ ನೋಡಿದೀಯಾ ನೀನು?"

ಅಜ್ಜಿಯ ಕೈ ನಿಂತಿತು. "ಇಲ್ಲ ಕಣ್ ಮಗ" ಅಂದಳು. ಆಮೇಲೆ ಆಕೆಯೂ ನಮ್ಮ ಪಕ್ಷ. ಮೂರು ತಿಂಗಳಿಗೆ ಎಷ್ಟು ಹುರಿಹಿಟ್ಟು ಬೇಕಾದೀತು, ಹಡಗಿನಲ್ಲಿ ನಿಂಬೆ ಉಪ್ಪಿನಕಾಯಿಗೆ ಬೂಸಲು ಬಂದೀತೇ ಎಂಬುದು ಅವಳ ಪ್ಲಾನಿಂಗ್.

ಕ್ಯಾಮೆರಾ ಚಿಕ್ಕಪ್ಪನದೇ, ಮಡಚಿದರೆ ಒಂದು ದಪ್ಪ ಪುಸ್ತಕದಷ್ಟಾಗುವ ಕಪ್ಪು ಚರ್ಮದ ಫೋಲ್ಡಿಂಗ್ ಕ್ಯಾಮೆರಾ. ಮುಚ್ಚಳ ತೆರೆದರೆ ತಿದಿಯ ಹಾಗೆ ಮುಂದಕ್ಕೆ ಚಾಚುತ್ತಿತ್ತು, ತುದಿಯಲ್ಲಿ ಲೆನ್ಸು. ಫಿಲ್ಮ್ ಆಗ ಎಲ್ಲೂ ಸಿಗುತ್ತಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದ ಸ್ಟುಡಿಯೋ ಒಂದಕ್ಕೆ ಏಳು ಸಲ ಅಲೆದು ಒಂದೇ ಒಂದು ರೋಲ್ ತಂದಿದ್ದರು. ಅದರಲ್ಲಿ ಎಂಟು ಚಿತ್ರ. ವಿಜಯದಶಮಿಯ ಬೆಳಿಗ್ಗೆಯೇ ಚಿತ್ರ ತೆಗೆಯಲು ಶುರು ಮಾಡುವುದೆಂದು ನಿರ್ಧಾರವಾಯಿತು. ಅವತ್ತು ಹಿಡಿದ ಕೆಲಸ ಕೆಡುವುದಿಲ್ಲವಲ್ಲ.

ಅದರ ಹಿಂದಿನ ದಿನ ಆಯುಧಪೂಜೆ. ನೇಗಿಲು, ಕುಡುಗೋಲು, ಮಚ್ಚು, ಅಪ್ಪನ ಇಂಕ್ ಪೆನ್ನು, ನನ್ನ ಜಾಮೆಟ್ರಿ ಬಾಕ್ಸು, ಎಲ್ಲ ಮಣೆಯ ಮೇಲೆ ಸಾಲಾಗಿ ಕೂತವು. ಚಿಕ್ಕಪ್ಪ ಕ್ಯಾಮೆರಾವನ್ನು ಮಡಚಿದಂತೆಯೇ ಇಟ್ಟು, "ಅವ್ವ, ಮೇಲೊಂದು ಹೂವಿಡು ಸಾಕು. ಬಿಚ್ಚಬೇಡ" ಎಂದು ಎರಡೆರಡು ಸಲ ಹೇಳಿದರು. ಅಜ್ಜಿ ಹಾಗೇ ಮಾಡಿದಳು. ಆದರೆ ಕುಡುಗೋಲಿನ ಬಾಯಿಗೆ, ನೇಗಿಲಿನ ಗುಳಕ್ಕೆ, ಪೆನ್ನಿನ ನಿಬ್ಬಿಗೆ ಕುಂಕುಮ ಇಡುತ್ತಾ ನನಗೆ ಹೇಳಿಕೊಟ್ಟಳು: "ಯಾವ ಜಾಗ ಕೆಲ್ಸ ಮಾಡ್ತದೋ ಆ ಜಾಗಕ್ಕೇ ಇಡಬೇಕು ಕಣವ್ವಾ. ಹಿಡಿಗೆ ಇಟ್ರೆ ಏನ್ ಬಂತು?"

ಎಲ್ಲರೂ ಎತ್ತುಗಳ ಪೂಜೆಗೆ ಕೊಟ್ಟಿಗೆಗೆ ಹೋದರು. ದೀಪದ ಬತ್ತಿ ನೋಡಿಕೊಳ್ಳಲು ನಾನೊಬ್ಬಳೇ ಉಳಿದೆ. ಕ್ಯಾಮೆರಾದ ಮೇಲೆ ಒಂದು ಸೇವಂತಿಗೆ ಅಷ್ಟೆ. ಉಳಿದ ಆಯುಧಗಳಿಗೆಲ್ಲ ಆದ ಪೂಜೆ ಇದಕ್ಕೆ ಮಾತ್ರ ಅರ್ಧಂಬರ್ಧ! ಹೋಗಬೇಕಾದದ್ದು ಇದೇ ತಾನೇ ಅಷ್ಟು ದೂರ? ಬತ್ತಿ ಮುಂದೆ ತಳ್ಳಿ ಎಣ್ಣೆಯಾಗಿದ್ದ ಬೆರಳಿನಿಂದಲೇ ಗುಂಡಿ ಒತ್ತಿದೆ. ಅದು ಬಿಚ್ಚಿಕೊಂಡಿತು. ಅದೇ ಬೆರಳನ್ನು ಕುಂಕುಮದಲ್ಲಿ ಅದ್ದಿ, ಕೆಲಸ ಮಾಡುವ ಜಾಗಕ್ಕೆ, ಆ ಗಾಜಿನ ನಡುವಿಗೆ, ಒಂದು ಬೊಟ್ಟು ಇಟ್ಟೆ. ಕಾನ್ವೆಂಟಿನ ಪ್ರಾರ್ಥನೆ, ಹೇಲ್ ಮೇರಿ, ಅದನ್ನೂ ಒಂದು ಸಲ ಹೇಳಿದೆನೆಂದು ನೆನಪು. ಯಾವ ದೇವರೂ ಬಿಟ್ಟುಹೋಗಬಾರದಲ್ಲ. ಆಮೇಲೆ ಹೆದರಿಕೆಯಾಗಿ ಲಂಗದ ಅಂಚಿನಿಂದ ಒರೆಸಿದೆ. ದೀಪದ ಬೆಳಕಿನಲ್ಲಿ ಗಾಜು ಪಳಪಳ ಅಂದಿತು. ಮಡಚಿ ಹೂವನ್ನು ಮತ್ತೆ ಮೇಲಿಟ್ಟೆ.

ನಮ್ಮೂರಿನ ಗೋಮಾಳದಾಚೆಯ ಬಯಲಿನಲ್ಲಿ ಆಗ ಕೃಷ್ಣಮೃಗಗಳಿದ್ದವು. ಮನುಷ್ಯ ಕಂಡರೆ ಅರ್ಧ ಮೈಲಿ ದೂರದಲ್ಲೇ ಚಿಮ್ಮಿಬಿಡುತ್ತಿದ್ದವು. ಆದರೆ ಕುರಿ ಮಂದೆಗೆ ಹೆದರುತ್ತಿರಲಿಲ್ಲ. ಮಂದೆಯ ಜೊತೆ ಕಂಬಳಿ ಹೊದ್ದು ಬಾಗಿ ನಡೆದರೆ ಬಲು ಹತ್ತಿರ ಹೋಗಬಹುದೆಂದು ಹೇಳಿಕೊಟ್ಟವನು ಕುರಿ ಕಾಯುವ ತಾತ. ಸೋಪು ಹಚ್ಚುವಂತಿಲ್ಲ, ಚಪ್ಪಲಿ ಇಲ್ಲ, ಮಾತಿಲ್ಲ.

"ಮಂದೆ ನಿಂತ್ರೆ ನಿಲ್ಲಬೇಕು, ನಡೆದ್ರೆ ನಡೀಬೇಕು. ಇವತ್ತು ನೀನೂ ಒಂದು ಕುರೀನೇ ಕಣಪ್ಪಾ" ಎಂದು ತಾತ ಚಿಕ್ಕಪ್ಪನಿಗೆ ಹೇಳಿದ. ನನ್ನ ಕಡೆ ತಿರುಗಿ, "ಏನವ್ವಾ ಇಂಗ್ಲೀಸಮ್ಮಾ, ಉಸಿರು ಬಿಡೋದೂ ಮೆತ್ತಗೆ. ನನ್ ಕುರಿಗೆ ಇಂಗ್ಲೀಸು ಬರಾಕಿಲ್ಲ."

ವಿಜಯದಶಮಿಯ ಬೆಳಗಿನ ಇಬ್ಬನಿ ಇನ್ನೂ ಹುಲ್ಲಿನ ಮೇಲಿತ್ತು. ಕಂಬಳಿಯ ವಾಸನೆ, ಕುರಿಗಳ ಬೆಚ್ಚಗಿನ ಉಸಿರು, ಹುಲ್ಲು ಕೀಳುವ ಕಿರುಸದ್ದು. ಎಷ್ಟು ಹೊತ್ತು ಹಾಗೆ ತೆವಳಿದೆವೋ. ನಾನು ಚಿಕ್ಕಪ್ಪನಿಗಿಂತ ಎರಡು ಮಾರು ಮುಂದಿದ್ದೆ. ಒಮ್ಮೆ ತಲೆ ಎತ್ತಿದರೆ ಹೋತ, ಗಂಡು ಕೃಷ್ಣಮೃಗ, ನಿಂತಿತ್ತು.

ಹೇಗೆ ಹೇಳಲಿ? ಬೆನ್ನು ಕಪ್ಪು, ಹೊಟ್ಟೆ ಹಾಲು, ಕಣ್ಣಿನ ಸುತ್ತ ಬಿಳಿ ಉಂಗುರ. ತಿರುಚಿ ಹಿಂಡಿದಂಥ ಎರಡು ಕೊಂಬು, ಅವುಗಳ ನಡುವೆ ಮಾಕಳಿ ಬೆಟ್ಟ. ನಮ್ಮಿಂದ ಇಪ್ಪತ್ತೇ ಹೆಜ್ಜೆ. ಅದರ ಹಿಂದೆ ಹೆಣ್ಣುಗಳ ಹಿಂಡು, ಎಲ್ಲ ಕಿವಿಗಳ ಅಂಚಿನಲ್ಲೂ ಬಿಸಿಲು. ಅದರ ಮೂಗಿನ ಹೊಳ್ಳೆ ಅರಳಿ ಮುಚ್ಚುವುದು ನನಗೆ ಕಾಣುತ್ತಿತ್ತು. ಚಾಪೆಲ್‌ನಲ್ಲಿ ಸಿಸ್ಟರುಗಳು ಒಮ್ಮೆಲೇ ಎದ್ದು ನಿಂತಾಗ ಆಗುವ ಆ ನಿಶ್ಶಬ್ದ ನಮ್ಮೂರ ಗೋಮಾಳದಲ್ಲಿ ಆಗಿತ್ತು.

ಹಿಂದೆ ಕ್ಯಾಮೆರಾ ಬಿಚ್ಚಿಕೊಂಡ ಸದ್ದಾಯಿತು. ಮೆಲ್ಲಗೆ ಕತ್ತು ತಿರುಗಿಸಿದೆ. ಬಿಸಿಲು ನೇರ ಲೆನ್ಸಿನ ಮೇಲೆ ಬಿದ್ದಿತ್ತು. ಗಾಜಿನ ತುಂಬ ಎಣ್ಣೆ. ನನ್ನ ಲಂಗದಂಚು ಬಳಿದ ಗೀರುಗಳು. ಅಂಚಿನ ಸಂದಿನಲ್ಲಿ ಸುತ್ತಲೂ ಕೆಂಪು.

ಚಿಕ್ಕಪ್ಪ ಅದನ್ನು ನೋಡುತ್ತಿರಲಿಲ್ಲ. ಹೊಟ್ಟೆಯ ಹತ್ತಿರ ಕ್ಯಾಮೆರಾ ಹಿಡಿದು, ಮೇಲಿನಿಂದ ಸಣ್ಣ ಕನ್ನಡಿಯೊಳಗೆ ಹೋತವನ್ನು ನೋಡುತ್ತಿದ್ದರು. ಆ ಮುಖದಲ್ಲಿದ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಂದು ಮಾತು ಆಡಿದರೆ ಹೋತ ಹಾರಿಹೋಗುತ್ತದೆ. ಆಡದಿದ್ದರೆ ಎಂಟೂ ಚಿತ್ರ ಹೋಗುತ್ತವೆ. ಬಾಯಿ ತೆರೆದೆ. ಅಷ್ಟರಲ್ಲಿ ಹೋತ ನನ್ನ ಕಡೆ ನೋಡಿತು.

ನಾನು ಬಾಯಿ ಮುಚ್ಚಿಕೊಂಡೆ. ಹೆದರಿ ಸುಮ್ಮನಾದೆನೋ, ಅದು ಹೋಗಿಬಿಡುತ್ತದಲ್ಲಾ ಎಂಬ ಆಸೆಗೆ ಸುಮ್ಮನಾದೆನೋ, ಇವತ್ತಿಗೂ ಆನೆಸ್ಟ್ ಆಗಿ ಹೇಳಲಾರೆ. ಎಂಟು ಸಲ ಸಣ್ಣಗೆ ಕ್ಲಿಕ್ ಅಂದಿತು.

ಕಣಜದ ಕೋಣೆಯೇ ಡಾರ್ಕ್ ರೂಮ್. ಲಾಂದ್ರಕ್ಕೆ ಕೆಂಪು ಕಾಗದ ಸುತ್ತಿ ಚಿಕ್ಕಪ್ಪ ಪ್ರಿಂಟ್ ಹಾಕಿದರು. ತಟ್ಟೆಯ ನೀರಿನಲ್ಲಿ ಮೊದಲು ಕೊಂಬು ಮೂಡಿತು. ನಂತರ ಕಣ್ಣು. ನಂತರ ಎಲ್ಲದರ ಮೇಲೂ ಹಾಲು ಚೆಲ್ಲಿದ ಹಾಗೆ ಬೆಳಕು ಹರಡಿತು. ಎಂಟೂ ಹಾಗೇ. ಮಂಜಿನಲ್ಲಿ ಕರಗುತ್ತಿರುವ ಮೃಗ.

ಚಿಕ್ಕಪ್ಪ ಹೊರಗೆ ಬಂದು ಕ್ಯಾಮೆರಾ ಬಿಚ್ಚಿ, ಲೆನ್ಸಿನ ಅಂಚಿನಲ್ಲಿ ಉಗುರಾಡಿಸಿದರು. ಉಗುರು ಕೆಂಪಾಯಿತು. "ಅವ್ವಾ!"

"ನಾನು ಮುಟ್ಟಿಲ್ಲ ಕಣೋ, ತಾಯಾಣೆ!"

"ನಾನೇ ಚಿಕ್ಕಪ್ಪ," ಅಂದೆ. ಉಳಿದದ್ದನ್ನೂ ಹೇಳಿದೆ, ಬಯಲಿನಲ್ಲಿ ನೋಡಿಯೂ ಸುಮ್ಮನಿದ್ದದ್ದನ್ನು ಕೂಡ. ಅವರು ಬೈಯಲಿಲ್ಲ. ಅಜ್ಜಿ ಮಾತ್ರ ಗೊಣಗುತ್ತಲೇ ಇದ್ದಳು, "ಎಲ್ಲಿಗೆ ಇಡಬೇಕೂಂತ ಹೇಳ್ಕೊಟ್ಟೋಳು ನಾನೇ ಅಲ್ವಾ, ನನ್ನ ಬೈಯ್ಯಿ."

ಮತ್ತೆ ದಂಡಿಗೆ ಮೂರು ಸಲ ಹೋಗಿಬಂದರು. ರೋಲ್ ಸಿಗಲಿಲ್ಲ. ನನ್ನ ರಜೆ ಮುಗಿಯುವ ಮುಂಚಿನ ದಿನ ಕಾಗದ, ಮಸಿಕುಡಿಕೆ ತಂದು ನನ್ನ ಮುಂದಿಟ್ಟರು. "ಬರಿ. ಇರೋದನ್ನ ಇರೋ ಹಾಗೇ ಬರಿ."

ಡಿಯರ್ ಸರ್, ಎಂದು ಚಿಕ್ಕಪ್ಪನ ಪರವಾಗಿ ಕಾನ್ವೆಂಟಿನ ದುಂಡಗಿನ ಅಕ್ಷರದಲ್ಲಿ ಶುರು ಮಾಡಿದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಆಯುಧಗಳನ್ನು ಪೂಜಿಸುತ್ತಾರೆ, ನನ್ನ ಅಣ್ಣನ ಮಗಳು ಲೆನ್ಸನ್ನೂ ಪೂಜಿಸಿದ್ದಾಳೆ, ತಪ್ಪು ತಿಳಿಯದೆ ಆದದ್ದು. ಅಣ್ಣನ ಮಗಳು ಎಂದು ಬರೆಯುವಾಗ ಮಸಿ ಕಾಗದದ ಮೇಲೆ ತೊಟ್ಟಿಕ್ಕಿತು. "ಇರಲಿ ಬಿಡು," ಅಂದರು ಚಿಕ್ಕಪ್ಪ. ಎಂಟರಲ್ಲಿ ಒಂದು ಪ್ರಿಂಟನ್ನು ಲಕೋಟೆಗೆ ಹಾಕಿದರು.

ಉತ್ತರ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಆ ಶನಿವಾರ ನಾನು ಊರಿಗೆ ಬಂದಿದ್ದೆ. ಐ ರಿಗ್ರೆಟ್, ಎಂದಿತ್ತು ಮೊದಲ ಸಾಲು. ಬೇರೊಬ್ಬ ಗೊತ್ತಾಗಿದ್ದ. ಪ್ರಿಂಟನ್ನು ವಾಪಸು ಕಳಿಸಿದ್ದರು. ಚಿಕ್ಕಪ್ಪ ಅದನ್ನು ತಿರುಗಿಸಿದರು. ಹಿಂದೆ ಪೆನ್ಸಿಲಿನಲ್ಲಿ ಒಂದೇ ವಾಕ್ಯ. ಓದಿ ಹೇಳೆಂದು ಅಜ್ಜಿ ಪೀಡಿಸಿದಳು. ಇಷ್ಟು ಹತ್ತಿರ ಹೇಗೆ ಹೋದೆ? ಎಂದು ಸಾಹೇಬರು ಕೇಳಿದ್ದರು.

ಚಿಕ್ಕಪ್ಪ ಆ ವಾಕ್ಯದ ಮೇಲೆ ಹೆಬ್ಬೆರಳಿಟ್ಟುಕೊಂಡು ಬಹಳ ಹೊತ್ತು ಜಗಲಿಯಲ್ಲಿ ಕೂತರು. ಸೇವಂತಿಗೆ ಗಿಡದಾಚೆ, ಗೋಮಾಳದ ಕಡೆ ನೋಡುತ್ತಿದ್ದರು. ನಾನು ಅಟ್ಲಾಸನ್ನು ಟ್ರಂಕಿನಿಂದ ತೆಗೆಯಲೇ ಇಲ್ಲ.

ಮರುದಿನ ಬೆಳಕು ಹರಿಯುವ ಮುಂಚೆ ನನ್ನ ಕಾಲು ಅಲ್ಲಾಡಿಸಿದರು. ಹೆಗಲಿನ ಮೇಲೆ ಕಂಬಳಿ, ಕೊರಳಲ್ಲಿ ಕ್ಯಾಮೆರಾ.

"ಏಳು. ತಾತ ಮಂದೆ ಬಿಡ್ತಾವ್ನೆ."

"ಚಿಕ್ಕಪ್ಪ, ರೋಲ್ ಇಲ್ವಲ್ಲಾ."

"ಗೊತ್ತು. ಸೋಪು ಹಚ್ಕೋಬೇಡ, ಬಾ."

ಹೋತ ಅದೇ ಬಯಲಿನಲ್ಲಿತ್ತು. ಈ ಸಲ ಹದಿನೈದು ಹೆಜ್ಜೆ. ಚಿಕ್ಕಪ್ಪ ಖಾಲಿ ಕ್ಯಾಮೆರಾವನ್ನು ಬಿಚ್ಚಿದರು. ಲೆನ್ಸನ್ನು ಎಷ್ಟು ಸಲ ಒರೆಸಿದ್ದರೋ, ಅದರಲ್ಲಿ ಆಕಾಶ ಕಾಣುತ್ತಿತ್ತು. ತಾವು ನೋಡಿ, ಮೆಲ್ಲಗೆ ಅದನ್ನು ನನ್ನ ಕೈಗೆ ದಾಟಿಸಿದರು. ಸಣ್ಣ ಕನ್ನಡಿಯೊಳಗೆ ಬೆರಳುಗುರಿನಷ್ಟು ಹೋತ, ಕೊಂಬು ಎತ್ತಿ ನಿಂತು, ಉಸಿರಾಡುತ್ತಿತ್ತು.