ಹದಿನಾಲ್ಕನೇ ಬಾಟಲಿ

ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಹದಿನಾಲ್ಕನೇ ನೀರಿನ ಮಾದರಿಯ ಮುಂದೆ ಬರೆದಿರುವ ಅಂಕಿ ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಅಲ್ಲಿ ಉಳಿಸಿದೆ. ಗೊತ್ತಿದ್ದೇ ಅದನ್ನು ಒಬ್ಬ ಹೆಂಗಸಿಗೂ ಹೇಳಿದೆ, ಆಕೆ ನಂಬಿದರು — ಆರು ವರ್ಷ ಅವರ ಮನೆಯವರೆಲ್ಲ ಆ ನೀರು ಕುಡಿದರು. ಇಷ್ಟು ಬರೆಯುವುದಕ್ಕೆ ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ.

ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ತವರು ಕಂಪ್ಲಿ. ನನಗೆ ಪಿಎಚ್.ಡಿ. ಸೀಟು ಸಿಕ್ಕ ದಿನವೇ ಅಪ್ಪ ತನ್ನ ಅಕ್ಕಿ ಗಿರಣಿಯಲ್ಲಿ ‘ನಮ್ ಡಾಕ್ಟರ್’ ಎನ್ನಲು ಶುರುಮಾಡಿದ್ದರು. ಭತ್ತ ತಂದವರು ನನ್ನ ಹತ್ತಿರ ಕೆಮ್ಮಿಗೆ ಔಷಧಿ ಕೇಳುತ್ತಿದ್ದರು. ನನ್ನ ವಿಷಯ ಸಂಡೂರು ಸುತ್ತಿನ ಹಳ್ಳಿಗಳ ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಎಷ್ಟಿದೆ ಎನ್ನುವುದು. ಹದಿನಾಲ್ಕು ಕೈಬೋರು, ಬೋರಿಗೊಂದು ಬಾಟಲಿ.

ಕೆಲಸ ಹೇಳುವುದಕ್ಕೆ ಸುಲಭ. ಬಾಟಲಿಗೆ ನೀರು ತುಂಬಿದ ಕೂಡಲೇ, ಅಲ್ಲೇ ನಿಂತು, ಕೆಲವು ಹನಿ ನೈಟ್ರಿಕ್ ಆಮ್ಲ ಬಿಡಬೇಕು. ಬಿಟ್ಟರೆ ಲೋಹ ನೀರಿನಲ್ಲೇ ಕರಗಿ ನಿಲ್ಲುತ್ತದೆ. ಬಿಡದಿದ್ದರೆ ಕೆಲವೇ ದಿನಗಳಲ್ಲಿ ಬಾಟಲಿಯ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ, ಲ್ಯಾಬಿನಲ್ಲಿ ಲೋಹ ಅಳೆಯುವ ಯಂತ್ರಕ್ಕೆ ಸಿಗುವುದು ಬರೀ ನೀರು. ಎಂಥ ಕೆಟ್ಟ ನೀರೂ ಪಾಸಾಗುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ಆಮ್ಲಕ್ಕೆಂದೇ ಒಂದು ಕಾಲಂ ಇತ್ತು, ಹನಿ ಬಿಟ್ಟ ಮೇಲೆ ಟಿಕ್ ಹಾಕಲು. ಬೋರಿನ ಹತ್ತಿರ ಕೈ ಒದ್ದೆ, ಪುಟ ಒದ್ದೆ. ಅದಕ್ಕೆ ನಾನೊಂದು ಜಾಣತನ ಕಂಡುಕೊಂಡಿದ್ದೆ — ಬೆಳಿಗ್ಗೆ ಸಂಡೂರಿನ ಬಸ್ಸಿನಲ್ಲಿ ಕೂತಾಗಲೇ ಆ ದಿನದ ಊರುಗಳಿಗೆಲ್ಲ ಟಿಕ್ ಹಾಕಿಬಿಡುತ್ತಿದ್ದೆ. ಹೇಗೂ ಹಾಕುತ್ತೇನಲ್ಲ!

ಹದಿನಾಲ್ಕನೆಯದು ಬಂಡ್ರಿಯಿಂದ ಒಳಗೆ ಹೋಗುವ ಒಂದು ಸಣ್ಣ ಊರು. ಹೆಸರು ಬೇಡ. ಬೋರು ಹನುಮಕ್ಕ ಎನ್ನುವವರ ಮನೆಯ ಮುಂದೆಯೇ ಇತ್ತು, ಹೊಸದಾಗಿ ಕೊರೆದದ್ದು. ಆದರೂ ಹನುಮಕ್ಕ ಕುಡಿಯುವ ನೀರಿಗೆ ರಸ್ತೆ ದಾಟಿ, ಹೊಲಗಳ ಆಚೆಯ ನೀರಿನ ಟಾಕಿಗೆ ಹೋಗುತ್ತಿದ್ದರು. ಮೊಣಕಾಲು ಹಿಡಿದುಕೊಂಡು, ಕೊಡ ಹೊತ್ತುಕೊಂಡು, ದಿನಕ್ಕೆ ಎರಡು ಸಲ.

‘ಇದು ಪಾತ್ರಿ ಕರ್ರಗ ಮಾಡತೈತವ್ವ. ಕುಡೀಬಹುದೋ ಇಲ್ಲೋ, ನೋಡಿ ಹೇಳು,’ ಎಂದರು.

ಅವರೇ ಬೋರು ಹೊಡೆದರು, ನಾನು ಬಾಟಲಿ ಹಿಡಿದೆ. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ. ‘ಉಣ್ಣದ ಹೋದ್ರ ನೀರ ಕೊಡಂಗಿಲ್ಲ’ ಎಂದು ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ತುಂಬು ಬಸುರಿ ಸೊಸೆ ಗೋಡೆಗೆ ಒರಗಿ ನಗುತ್ತಿದ್ದಳು. ಅಷ್ಟರಲ್ಲಿ ಬಸ್ಸಿನ ಹಾರ್ನು — ಬಾಟಲಿ ಇಸಿದುಕೊಂಡು ಓಡಿದೆ. ಆಮ್ಲದ ಸೀಸೆ ಚೀಲದಲ್ಲೇ ಉಳಿಯಿತು. ಸಂಜೆ ನೋಟ್‌ಬುಕ್ ತೆಗೆದರೆ ಟಿಕ್ ಇತ್ತು. ಟಿಕ್ ನೋಡಿ, ಹಾಕಿದ್ದೇನೆ ಎಂದುಕೊಂಡೆ.

ಇಲ್ಲಿಯವರೆಗಿನದು ಮರೆವು. ಇದಕ್ಕೆ ಯಾರೂ ನನ್ನನ್ನು ಗಲ್ಲಿಗೆ ಹಾಕುವುದಿಲ್ಲ. ಮುಂದಿನದಕ್ಕೆ ಆ ಹೆಸರು ಇಲ್ಲ.

ಯಂತ್ರ ಹದಿನಾಲ್ಕಕ್ಕೆ ತೀರಾ ಕಡಿಮೆ ತೋರಿಸಿತು. ನನ್ನ ಗೈಡ್ ಆಗಿದ್ದ ಮೇಷ್ಟ್ರು ‘ಇಂಟರೆಸ್ಟಿಂಗ್’ ಎಂದರು, ಅಂಕಿ ಪಟ್ಟಿಗೆ ಹೋಯಿತು. ಕೆಲವು ವಾರ ಕಳೆದು, ಒಂದು ಮಧ್ಯಾಹ್ನ, ಬಾಟಲಿಗಳನ್ನು ತೊಳೆಯಲು ಕೂತೆ. ಹದಿಮೂರು ಬಾಟಲಿ ಸ್ವಚ್ಛ. ಹದಿನಾಲ್ಕರ ಒಳಗೋಡೆಗೆ ಕಪ್ಪು ಹಿಡಿದಿತ್ತು, ಮಸಿ ಬಳಿದ ಹಾಗೆ. ಹಾರ್ನು, ಓಟ, ತೆರೆಯದ ಸೀಸೆ — ಎಲ್ಲ ನೆನಪಾಯಿತು.

ಗೈಡ್ ರೂಮು ಅಲ್ಲೇ ಹತ್ತು ಹೆಜ್ಜೆ. ಹೋಗಿ ಹೇಳಬಹುದಿತ್ತು. ಆದರೆ ಹೇಳಬೇಕಿದ್ದದ್ದು ಏನು? ಆಮ್ಲ ಹಾಕಿಲ್ಲ ಎಂದರೆ ಟಿಕ್ ಯಾಕಿದೆ ಎನ್ನುತ್ತಾರೆ. ಟಿಕ್ ಬಸ್ಸಿನಲ್ಲಿ ಹಾಕಿದ್ದು ಎಂದರೆ — ಉಳಿದ ಹದಿಮೂರು? ಅವುಗಳನ್ನು ಯಾರು ನಂಬುತ್ತಾರೆ? ಒಂದು ಟಿಕ್ ಬಿದ್ದರೆ ಪ್ರಬಂಧವೇ ಬೀಳುತ್ತದೆ. ಸಲ್ಲಿಸುವ ದಿನ ಗೊತ್ತಾಗಿತ್ತು, ಅಪ್ಪ ಗಿರಣಿಯ ಬಾಗಿಲಿಗೆ ಬೋರ್ಡು ಬರೆಸುವ ಮಾತಾಡುತ್ತಿದ್ದರು...

ಬಾಟಲಿಗೆ ಆಮ್ಲ ಸುರಿದು ಕುಲುಕಿದೆ. ಕಪ್ಪು ಕರಗಿತು. ಆ ದ್ರವವನ್ನು ಯಂತ್ರಕ್ಕೆ ಕೊಟ್ಟಿದ್ದರೂ ಸಾಕಿತ್ತು, ನೀರಿನಲ್ಲಿ ಏನಿತ್ತೆಂದು ಅದೇ ಹೇಳುತ್ತಿತ್ತು. ನಾನು ಅದನ್ನು ಸಿಂಕಿಗೆ ಚೆಲ್ಲಿ ನಲ್ಲಿ ಬಿಟ್ಟೆ.

ಆ ವಾರವೇ ಹನುಮಕ್ಕನ ಫೋನು. ನನ್ನ ಫೋನಿನಲ್ಲಿ ಅವರ ಹೆಸರು ‘14 ಹನುಮಕ್ಕ’. ಎತ್ತಬಾರದೆಂದುಕೊಂಡೇ ಎತ್ತಿದೆ.

‘ಏನಾತವ್ವ ನಮ್ ನೀರು?’

‘ಚಲೋ ಐತಿ. ಕುಡೀರಿ.’

ಮೂರೇ ಮಾತು. ‘ಇನ್ನೂ ನೋಡಬೇಕು’ ಎಂದಿದ್ದರೂ ಸಾಕಿತ್ತು, ನಾಲಿಗೆಗೆ ಅದು ಬರಲಿಲ್ಲ. ‘ನನ್ನ ಮೊಣಕಾಲು ಉಳಿಸಿದಿ ತಾಯಿ’ ಎಂದರು ಅವರು. ಅವತ್ತಿನಿಂದ ಟಾಕಿಗೆ ಹೋಗುವುದು ನಿಂತಿತು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಸರಿಯಾಗಿ ಅಲ್ಲೇ ಬೆರಳಿಟ್ಟರು — ಅಕ್ಕಪಕ್ಕದ ಬೋರುಗಳಲ್ಲಿ ಇಷ್ಟಿರುವಾಗ ಇದೊಂದರಲ್ಲಿ ಯಾಕಿಲ್ಲ? ಬಂಡೆಯ ಪದರ ಬೇರೆ ಇರಬಹುದು ಸರ್, ಎಂದೆ. ಒಳ್ಳೆಯ ವಿವರಣೆ ಎಂದು ತಲೆದೂಗಿದರು. ಹೊರಗೆ ಹಾರ ಹಿಡಿದು ಅಪ್ಪ ನಿಂತಿದ್ದರು.

ಮ್ಯಾಂಗನೀಸ್ ಹೆಚ್ಚಿರುವ ನೀರು ಎಳೆಯ ಮಕ್ಕಳಿಗೆ ಒಳ್ಳೆಯದಲ್ಲ, ಕಲಿಕೆಗೆ ತೊಡಕಾಗಬಹುದು — ಇದು ನನ್ನದೇ ಪ್ರಬಂಧದ ಮೊದಲ ಅಧ್ಯಾಯದಲ್ಲಿದೆ. ಹನುಮಕ್ಕನ ಸೊಸೆಗೆ ಹೆಣ್ಣು ಮಗುವಾಯಿತು, ಭೂಮಿಕಾ. ಪ್ರತಿ ಯುಗಾದಿಗೂ ಹನುಮಕ್ಕ ಫೋನು ಮಾಡುತ್ತಾರೆ, ಪ್ರತಿ ಯುಗಾದಿಗೂ ನಾನು ಬೇವಿಗಿಂತ ಮೊದಲು ಆ ಫೋನಿಗೆ ಹೆದರುತ್ತೇನೆ. ಮಗು ನಡೆಯಿತಾ, ಮಾತಾಡಿತಾ ಎಂದು ಸುತ್ತಿ ಬಳಸಿ ಕೇಳುತ್ತೇನೆ. ನಡೆಯಿತು, ಮಾತಾಡಿತು. ಹಾಗಾದರೆ ಏನೂ ಆಗಿಲ್ಲ — ಎರಡು ದಿನ ಸಮಾಧಾನ. ಆಮೇಲೆ ಮತ್ತೆ ಅದೇ ಹೆದರಿಕೆ. ಈ ವರ್ಷ ಹನುಮಕ್ಕ ಹೇಳಿದರು: ‘ಸಾಲಿಗೆ ಹೊಂಟಾಳ. ಅಕ್ಷರ ತಲೀಗೆ ಹತ್ತವಲ್ದು ನೋಡವ್ವ. ನಿನ್ನಂಗ ಶಾಣೇಕಿ ಆಗ್ಬೇಕಂತೀನಿ.’

ನೀರಿನಿಂದಲೇ ಎಂದು ಹೇಳಲು ಬರುವುದಿಲ್ಲ. ಎಷ್ಟೋ ಮಕ್ಕಳಿಗೆ ಒಂದನೇ ತರಗತಿಯಲ್ಲಿ ಅಕ್ಷರ ಹತ್ತುವುದಿಲ್ಲ, ನನ್ನ ತಮ್ಮನಿಗೂ ಹತ್ತಿರಲಿಲ್ಲ. ನೀರಿನಿಂದ ಅಲ್ಲ ಎಂದೂ ಹೇಳಲು ಬರುವುದಿಲ್ಲ. ಇದರ ನಡುವೆಯೇ ನಾನು ಉಣ್ಣುವುದು, ಮಲಗುವುದು, ಪಾಠ ಮಾಡುವುದು.

ಹೋದ ತಿಂಗಳು ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಬ್ಯುರೆಟ್ ಮುಟ್ಟುವ ಮೊದಲೇ ರೀಡಿಂಗ್ ಬರೆದು ಮುಗಿಸಿದ್ದಳು. ಬೈದೆ. ಅವಳು ತಣ್ಣಗೆ, ‘ಹೆಂಗಿದ್ರೂ ಅಷ್ಟ ಬರತೈತಲ್ರಿ ಮೇಡಂ,’ ಎಂದಳು. ನನ್ನ ಬಸ್ಸಿನ ಮಾತೇ ಅದು.

ಮರುದಿನ ಭಾನುವಾರ. ಖಾಲಿ ಬಾಟಲಿ, ಆಮ್ಲದ ಸೀಸೆ ತೆಗೆದುಕೊಂಡು ಬಸ್ಸು ಹತ್ತಿದೆ. ಹನುಮಕ್ಕ ಕುಂದ್ರು ಎಂದರು, ಕೂರಲಿಲ್ಲ. ಕೂತರೆ ರೊಟ್ಟಿ ಬರುತ್ತದೆ, ರೊಟ್ಟಿ ಬಂದರೆ ಮಾತು ಬರುವುದಿಲ್ಲ.

‘ಈ ನೀರ ಕುಡಿಯೋದು ಇವತ್ತ ಬಿಡ್ರಿ. ಅವತ್ತ ನಾ ಹೇಳಿದ್ದು ಸುಳ್ಳು. ಸುಳ್ಳು ಅಂತ ಗೊತ್ತಿದ್ದ ಹೇಳೀನಿ.’

ಅವರು ಬೈಯಲಿಲ್ಲ. ಭೂಮಿಕಾ ಬೋರಿನ ಕಟ್ಟೆಯ ಮೇಲೆ ಕೂತು ಅಕ್ಷರ ತಿದ್ದುವ ಪಾಟಿಗೆ ಉಗುಳಿ ಒರೆಸುತ್ತಿದ್ದಳು. ಹನುಮಕ್ಕ ಅವಳನ್ನೇ ನೋಡಿದರು. ಆಮೇಲೆ ಒಂದೇ ಕೇಳಿದರು:

‘ಹುಡಿಗಿಗೆ ಏನರ ಆಗೇತೇನು?’

‘ಗೊತ್ತಿಲ್ರಿ,’ ಎಂದೆ. ಅದೂ ನಿಜವೇ, ಆದರೆ ಅದರಿಂದ ಅವರಿಗೆ ಏನೂ ಸಿಗಲಿಲ್ಲ.

ಹನುಮಕ್ಕ ಒಳಗೆ ಹೋಗಿ, ತುಂಬಿದ ಕೊಡವನ್ನು ತಂದು ಅಂಗಳಕ್ಕೆ ಬಗ್ಗಿಸಿದರು. ಖಾಲಿ ಕೊಡ ಸೊಂಟಕ್ಕೆ ಏರಿಸಿದರು. ನಾನು ತರುತ್ತೇನೆ ಎಂದು ಕೈ ಚಾಚಿದೆ.

‘ಬ್ಯಾಡ. ನೀ ನಿನ್ನ ಬಾಟ್ಲಿ ತುಂಬಿಸ್ಕೊಂಡ್ ಹೋಗು.’

ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿದ್ದೇನೆ. ಹೊಸ ಅಂಕಿ ಬಂದಿದೆ, ಅಕ್ಕಪಕ್ಕದ ಬೋರುಗಳಿಗಿಂತ ಹೆಚ್ಚು. ಅದನ್ನೂ ಪತ್ರದಲ್ಲಿ ಬರೆದಿದ್ದೇನೆ, ಬಸ್ಸಿನ ಟಿಕ್‌ಗಳ ವಿಷಯವನ್ನೂ. ಪದವಿ ಇಟ್ಟುಕೊಳ್ಳಬೇಕೋ ಬಿಡಬೇಕೋ ಅವರು ಹೇಳಲಿ. ಅಪ್ಪನಿಗೆ ಇನ್ನೂ ಹೇಳಿಲ್ಲ, ಈ ವಾರ ಕಂಪ್ಲಿಗೆ ಹೋಗುತ್ತೇನೆ. ಭೂಮಿಕಾಳನ್ನು ಡಾಕ್ಟರಿಗೆ ತೋರಿಸೋಣ ಎಂದು ಹನುಮಕ್ಕನಿಗೆ ದಿನವೂ ಫೋನು ಮಾಡುತ್ತಿದ್ದೇನೆ. ಅವರು ಎತ್ತುತ್ತಿಲ್ಲ.

ಆ ಭಾನುವಾರ ನಾನೇ ಬೋರು ಹೊಡೆದು, ನಾನೇ ಬಾಟಲಿ ಹಿಡಿದೆ. ಆಮ್ಲ ಬಿಟ್ಟೆ. ಒದ್ದೆ ಕೈಯಲ್ಲೇ ನೋಟ್‌ಬುಕ್ ತೆಗೆದು ಟಿಕ್ ಹಾಕಿದೆ, ಪುಟ ಒದ್ದೆಯಾಯಿತು. ತಲೆ ಎತ್ತಿದಾಗ ಹನುಮಕ್ಕ ರಸ್ತೆ ದಾಟಿ, ಹೊಲದ ಬದುವಿನ ಮೇಲೆ ಮೊಣಕಾಲು ಹಿಡಿದುಕೊಂಡು ನಿಂತಿದ್ದರು. ಟಾಕಿ ಇನ್ನೂ ದೂರವಿತ್ತು.